ಮನುಷ್ಯರ ಒಟಿಸಿ ಕಿಣ್ವ ಯೀಸ್ಟ್‌ನ ಮೈಟೊಕಾಂಡ್ರಿಯ ಸೇರಿದೆ, ಆದರೂ ಯೀಸ್ಟ್ ಸರಿಯಾಗಿ ಬೆಳೆಯುತ್ತಿಲ್ಲ

ಹುದುಗುಕೋಶ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದೇ ಜಾಗದಲ್ಲಿ ನಿಂತುಬಿಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನನ್ನ ಕೆಲಸ ಆರ್ನಿಥಿನ್ ಟ್ರಾನ್ಸ್‌ಕಾರ್ಬಮೈಲೇಸ್ ಮೇಲೆ. ಎಲ್ಲರೂ ಒಟಿಸಿ ಅಂತಲೇ ಕರೆಯುತ್ತಾರೆ. ಲಿವರ್‌ನಲ್ಲಿ ಅಮೋನಿಯ ಯೂರಿಯಾ ಆಗುವ ದಾರಿಯಲ್ಲಿ ಇದೂ ಒಂದು ಮೆಟ್ಟಿಲು. ಇದರ ಜೀನ್ ಎಕ್ಸ್ ಕ್ರೋಮೋಸೋಮ್ ಮೇಲಿದೆ. ಹಾಗಾಗಿ ಅದು ಪೂರ್ತಿ ಕೆಟ್ಟರೆ ಗಂಡು ಮಕ್ಕಳಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಅಮೋನಿಯ ಏರಿ ಜೀವಕ್ಕೇ ಅಪಾಯ. ಒಂದು ಮಗುವಿನ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಆ ಬದಲಾವಣೆ ನಿಜಕ್ಕೂ ಕೆಟ್ಟದ್ದಾ, ಇಲ್ಲಾ ಏನೂ ಮಾಡದೆ ಸುಮ್ನೆ ಇರುವಂಥದ್ದಾ ಅಂತ ಹೇಳುವುದು ಕಷ್ಟ. ಅದನ್ನು ಯೀಸ್ಟ್‌ನಲ್ಲಿ ಪರೀಕ್ಷಿಸಬೇಕು ಅನ್ನುವುದು ನನ್ನ ಆಸೆ.

ಯೀಸ್ಟ್‌ನ ಸ್ವಂತ ಒಟಿಸಿ ಜೀನ್ ಎಆರ್‌ಜಿ3. ಆರ್ಜಿನೈನ್ ಅನ್ನುವ ಅಮೈನೊ ಆಮ್ಲವನ್ನು ಯೀಸ್ಟ್ ತಾನೇ ತಯಾರಿಸಿಕೊಳ್ಳಲು ಅದು ಬೇಕು. ಹಾಗಾಗಿ ಅದನ್ನು ತೆಗೆದರೆ ಆರ್ಜಿನೈನ್ ಇಲ್ಲದ ಪ್ಲೇಟ್ ಮೇಲೆ ಯೀಸ್ಟ್ ಬೆಳೆಯುವುದಿಲ್ಲ. ಅಲ್ಲಿಗೆ ಮನುಷ್ಯರ ಜೀನ್ ಕೊಟ್ಟೆ. ಜೀನನ್ನು ಜೋರಾಗಿ ಓದಿಸುವ ಗ್ಯಾಲ್1 ಪ್ರೊಮೋಟರ್, ಕೋಶದಲ್ಲಿ ಹಲವು ಪ್ರತಿಗಳಾಗಿ ಇರುವ 2 ಮೈಕ್ರಾನ್ ಪ್ಲಾಸ್ಮಿಡ್ (ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ), ಪ್ರೊಟೀನಿನ ಬಾಲದ ಕಡೆ ಗುರುತಿಗೆ ಹೆಚ್‌ಎ ಟ್ಯಾಗ್. ಪ್ರೊಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಬೇಕಾದದ್ದನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಎರಡು ಬ್ಯಾಂಡ್ ಬರುತ್ತವೆ. ಟ್ಯಾಗ್ ಲೆಕ್ಕ ಬಿಟ್ಟರೆ ಒಂದು 40 ಕಿಲೋಡಾಲ್ಟನ್, ಇನ್ನೊಂದು 36. ಎರಡೂ ಗಟ್ಟಿಯಾಗಿವೆ.

ಆದರೆ ಪ್ಲೇಟ್ ನೋಡಿದರೆ ಬೇಜಾರಾಗುತ್ತದೆ. ಐದು ದಿನ ಆದರೂ ಸೂಜಿಮೊನೆಯಷ್ಟು ಕಾಲೊನಿಗಳು. ಯೀಸ್ಟ್‌ನ ಜೀನನ್ನೇ ವಾಪಸ್ ಕೊಟ್ಟ ಕೋಶಗಳು ಎರಡೇ ದಿನಕ್ಕೆ ದಟ್ಟವಾಗಿ ಬೆಳೆದಿರುತ್ತವೆ. ಖಾಲಿ ಪ್ಲಾಸ್ಮಿಡ್‌ನಲ್ಲಿ ಏನೂ ಇಲ್ಲ. ಅಂದರೆ ನನ್ನದು ಸ್ವಲ್ಪ ಕೆಲಸ ಮಾಡುತ್ತಿದೆ, ಆದರೆ ಸಾಲದು. ಎಲ್ಲಿ ನೋಡಲಿ?

ಹಳೇಸೆಂಟ್ರಿಫ್ಯೂಜ್

ಮೊದಲು ಆ ಎರಡು ಬ್ಯಾಂಡ್ ಬಗ್ಗೆ ಮಾತಾಡೋಣ. ಅರ್ಧ ಕಥೆ ಅಲ್ಲೇ ಇದೆ.

ಮನುಷ್ಯರ ಒಟಿಸಿ ತಯಾರಾಗುವಾಗ 354 ಅಮೈನೊ ಆಮ್ಲಗಳ ಸರ. ಮೊದಲ 32 ಬರೀ ವಿಳಾಸದ ಚೀಟಿ. ಅದರಲ್ಲಿ ಆರ್ಜಿನೈನ್‌ಗಳು ಜಾಸ್ತಿ, ಆಮ್ಲೀಯ ಅಮೈನೊ ಆಮ್ಲಗಳು ಇಲ್ಲವೆನ್ನುವಷ್ಟು ಕಡಿಮೆ. ಸುರುಳಿ ಸುತ್ತಿದಾಗ ಒಂದು ಮಗ್ಗುಲಲ್ಲಿ ಧನ ಆವೇಶ, ಇನ್ನೊಂದು ಮಗ್ಗುಲಲ್ಲಿ ಎಣ್ಣೆ ಸ್ವಭಾವ. ಮೈಟೊಕಾಂಡ್ರಿಯದ ಹೊರಪೊರೆಯ ಟಾಮ್ ಬಾಗಿಲು ಇದನ್ನು ಗುರುತು ಹಿಡಿಯುತ್ತದೆ. ಆಮೇಲೆ ಒಳಪೊರೆಯ ಟಿಮ್23 ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆಯಲು ಪೊರೆಯ ಎರಡು ಬದಿಯ ವಿದ್ಯುತ್ ಅಂತರ ಬೇಕೇ ಬೇಕು. ಒಳಗೆ ಹೋದಮೇಲೆ ಚೀಟಿ ಕತ್ತರಿಸಿ ಬಿಸಾಡುತ್ತಾರೆ. ಒಟಿಸಿಗೆ ಕತ್ತರಿ ಎರಡು ಸಲ ಬೀಳುತ್ತದೆ. ಮೊದಲು ಎಂಪಿಪಿ ಅನ್ನುವ ಕಿಣ್ವ 24 ಅಮೈನೊ ಆಮ್ಲ ತೆಗೆಯುತ್ತದೆ, ಆಮೇಲೆ ಇನ್ನೊಂದು ಕಿಣ್ವ ಉಳಿದ 8 ತೆಗೆಯುತ್ತದೆ.

ನಿಮ್ಮ 40ರ ಬ್ಯಾಂಡ್ ಅಂದರೆ ಚೀಟಿ ಇನ್ನೂ ಅಂಟಿಕೊಂಡಿರುವ ಸರಕು. ಅದು ಒಳಗೆ ಹೋಗಿಲ್ಲ, ಅಥವಾ ಬಾಗಿಲಲ್ಲೇ ಸಿಕ್ಕಿಕೊಂಡಿದೆ. 2 ಮೈಕ್ರಾನ್ ಪ್ಲಾಸ್ಮಿಡ್ ಮೇಲೆ ಗ್ಯಾಲ್1 ಅಂದರೆ ವಿಪರೀತ ತಯಾರಿ. ಬಾಗಿಲು ಅಷ್ಟೇ ಇದೆ, ಸಾಲು ಉದ್ದವಾಗಿದೆ. ಯೀಸ್ಟ್‌ನ ಸ್ವಂತ ಪ್ರೊಟೀನುಗಳೂ ಅದೇ ಬಾಗಿಲಲ್ಲಿ ಹೋಗಬೇಕು ಅಲ್ವಾ? ಕೋಶಕ್ಕೆ ಒಂದೆರಡು ಪ್ರತಿ ಮಾತ್ರ ಇರುವ ಸಿಇಎನ್ ಪ್ಲಾಸ್ಮಿಡ್‌ಗೆ ಬನ್ನಿ, 30 ಡಿಗ್ರಿ ಬಿಟ್ಟು 25ಕ್ಕೆ ಇಳಿಸಿ. ಈ ಕ್ಷೇತ್ರದಲ್ಲಿ ಕಡಿಮೆ ಮಾಡಿಸಿದವರಿಗೇ ಜಾಸ್ತಿ ಸಿಕ್ಕಿದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಪ್ಲೇಟುಪ್ರಿಯೆ

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮ್ಮ ಕೋಶಗಳು ಪೆಟೀಟ್ ಆಗಿಲ್ಲ ತಾನೆ? ಗ್ಲಿಸರಾಲ್ ಪ್ಲೇಟ್ ಮೇಲೆ ಚುಕ್ಕೆ ಇಟ್ಟು ನೋಡಿ. ಮೈಟೊಕಾಂಡ್ರಿಯದ ಡಿಎನ್‌ಎ ಕಳೆದುಕೊಂಡ ಕೋಶ ಗ್ಲೂಕೋಸ್ ಮೇಲೆ ಚೆನ್ನಾಗೇ ಇರುತ್ತದೆ, ಗ್ಲಿಸರಾಲ್ ಮೇಲೆ ಬೆಳೆಯುವುದಿಲ್ಲ. ಅಂಥ ಕೋಶದಲ್ಲೂ ಪ್ರೊಟೀನ್ ಒಳಗೆ ಹೋಗುತ್ತದೆ, ಆದರೆ ವಿದ್ಯುತ್ ಅಂತರ ಕಡಿಮೆ, ಎಳೆತ ದುರ್ಬಲ.

ಎಸ್288ಸಿ ವಂಶದ ಯೀಸ್ಟ್ ಆದರೆ ಇನ್ನೂ ಹುಷಾರು. ಅದರ ಹ್ಯಾಪ್1 ಜೀನ್ ಒಳಗೆ ಟಿವೈ1 ಅನ್ನುವ ಜಿಗಿಯುವ ಡಿಎನ್‌ಎ ತುಂಡು ಕೂತಿದೆ. ಹ್ಯಾಪ್1 ಉಸಿರಾಟದ ಜೀನುಗಳನ್ನು ಎಬ್ಬಿಸುವ ಪ್ರೊಟೀನ್. ಬಿವೈ4741 ಕೂಡ ಅದೇ ವಂಶ. ಮೈಟೊಕಾಂಡ್ರಿಯದ ಕೆಲಸಕ್ಕೆ ನಾನು ಡಬ್ಲ್ಯು303 ಅನ್ನುವ ಬೇರೆ ತಳಿ ಇಟ್ಟುಕೊಳ್ಳುತ್ತೇನೆ.

ಹುದುಗುಕೋಶ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನನ್ನದೂ ಡಬ್ಲ್ಯು303. ಗ್ಲಿಸರಾಲ್ ಪ್ಲೇಟ್ ಇವತ್ತೇ ಹಾಕುತ್ತೇನೆ. ಸಿಇಎನ್ ಪ್ಲಾಸ್ಮಿಡ್‌ಗೆ ಬದಲಾಯಿಸಲು ಒಂದು ವಾರ ಬೇಕು.

ಮೊದಲಹೆಜ್ಜೆ

ನಾನು ಇನ್ನೂ ಓದುತ್ತಿರುವವಳು. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಮನುಷ್ಯರ ಪ್ರೊಟೀನಿನ ವಿಳಾಸ ಯೀಸ್ಟ್‌ಗೆ ಹೇಗೆ ಅರ್ಥ ಆಗುತ್ತದೆ? ನಮಗೂ ಯೀಸ್ಟ್‌ಗೂ ನಡುವೆ ಅಷ್ಟು ದೂರ ಇದೆಯಲ್ಲ?

ಹಳೇಸೆಂಟ್ರಿಫ್ಯೂಜ್

ದಡ್ಡ ಪ್ರಶ್ನೆ ಅಲ್ಲಮ್ಮ, ಇಡೀ ಕೆಲಸ ನಿಂತಿರುವುದೇ ಇದರ ಮೇಲೆ.

ವಿಳಾಸದಲ್ಲಿ ಇಂಥದ್ದೇ ಅಕ್ಷರ ಇರಬೇಕು ಅಂತಿಲ್ಲ. ಆಕಾರ ಮತ್ತು ಆವೇಶ ಸರಿ ಇದ್ದರೆ ಸಾಕು. ಅದನ್ನು ಓದುವ ಯಂತ್ರ ಯೀಸ್ಟ್‌ನಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. 1984ರಲ್ಲಿ ಗಾಟ್‌ಫ್ರೀಡ್ ಶಾಟ್ಸ್ ಅವರ ಗುಂಪು ಇಲಿಯ ಡಿಹೆಚ್‌ಎಫ್‌ಆರ್ ಕಿಣ್ವ ತೆಗೆದುಕೊಂಡಿತು. ಅದು ಮೈಟೊಕಾಂಡ್ರಿಯಕ್ಕೆ ಸಂಬಂಧವೇ ಇಲ್ಲದ, ಸೈಟೊಸಾಲ್‌ನಲ್ಲಿ (ಮೈಟೊಕಾಂಡ್ರಿಯದ ಹೊರಗಿನ ಕೋಶದ್ರವದಲ್ಲಿ) ಇರುವ ಕಿಣ್ವ. ಅದರ ಮುಂದೆ ಯೀಸ್ಟ್‌ನ ಕಾಕ್ಸ್4 ಪ್ರೊಟೀನಿನ ವಿಳಾಸ ಅಂಟಿಸಿದರು. ಕಿಣ್ವ ನೇರ ಮೈಟೊಕಾಂಡ್ರಿಯದ ಒಳಗೆ ಹೋಯಿತು! 1986ರಲ್ಲಿ ಅದೇ ಪ್ರೊಟೀನಿಗೆ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದರು. ಆ ಔಷಧಿ ಡಿಹೆಚ್‌ಎಫ್‌ಆರ್ ಅನ್ನು ಮಡಚಿದ ಸ್ಥಿತಿಯಲ್ಲೇ ಬಿಗಿಯಾಗಿ ಹಿಡಿಯುತ್ತದೆ. ಪ್ರೊಟೀನ್ ಒಳಗೆ ಹೋಗಲಿಲ್ಲ. ಅಂದರೆ ಬಾಗಿಲು ದಾಟಬೇಕಾದರೆ ಸರ ಬಿಚ್ಚಿಕೊಳ್ಳಲೇಬೇಕು, ಒಳಗೆ ಹೋದಮೇಲೆ ಮತ್ತೆ ಮಡಚಿಕೊಳ್ಳಬೇಕು.

ಅದಕ್ಕೇ ಟ್ಯಾಗ್ ಹಾಕುವಾಗ ಬಾಲಕ್ಕೆ ಹಾಕಿ ಅನ್ನುವುದು. ತಲೆಗೆ ಹಾಕಿದರೆ ವಿಳಾಸ ಮುಚ್ಚಿಹೋಗುತ್ತದೆ.

ಮಡಿಕೆಮಾತು

ಆ "ಮತ್ತೆ ಮಡಚಿಕೊಳ್ಳಬೇಕು" ಅನ್ನುವ ಕಡೆ ನನ್ನ ಮನಸ್ಸು ನಿಲ್ಲುತ್ತದೆ. ಹುದುಗುಕೋಶ ಅವರೇ, ನೀವು ಹಿಡಿದಿರುವುದು ಎಂಥ ಪ್ರೊಟೀನ್ ಅಂತ ಗೊತ್ತಾ?

1987ರಲ್ಲಿ ಆರ್ಥರ್ ಹಾರ್ವಿಚ್ ಅವರ ಪ್ರಯೋಗಾಲಯ ಇದೇ ಮನುಷ್ಯರ ಒಟಿಸಿಯನ್ನು ಯೀಸ್ಟ್‌ನಲ್ಲಿ ಮಾಡಿಸಿ, ಅದು ಯೀಸ್ಟ್‌ನ ಮೈಟೊಕಾಂಡ್ರಿಯ ಸೇರುತ್ತದೆ, ವಿಳಾಸ ಸರಿಯಾಗಿ ಕತ್ತರಿಸಲ್ಪಡುತ್ತದೆ ಅಂತ ತೋರಿಸಿತು. ಆಮೇಲೆ ಬಿಸಿ ಜಾಸ್ತಿಯಾದರೆ ಕೆಡುವ ಯೀಸ್ಟ್ ಮ್ಯುಟೆಂಟ್‌ಗಳ (ಜೀನ್ ಬದಲಾದ ತಳಿಗಳ) ರಾಶಿಯಲ್ಲಿ ಒಟಿಸಿ ಚಟುವಟಿಕೆ ಅಳೆಯುತ್ತಾ ಹೋದರು. ಒಂದು ಮ್ಯುಟೆಂಟ್ ವಿಚಿತ್ರವಾಗಿತ್ತು. ಪ್ರೊಟೀನ್ ಒಳಗೆ ಹೋಗಿದೆ. ಚೀಟಿ ಕತ್ತರಿಸಿದೆ. ಬ್ಯಾಂಡ್ ಸರಿಯಾದ ಜಾಗದಲ್ಲಿದೆ. ಆದರೆ ಕೆಲಸ ಇಲ್ಲ! ಒಟಿಸಿ ಮೂರು ತುಂಡು ಸೇರಿ ಕೆಲಸ ಮಾಡುವ ಕಿಣ್ವ. ಆ ಮ್ಯುಟೆಂಟ್‌ನಲ್ಲಿ ಮೂರು ಸೇರುತ್ತಲೇ ಇರಲಿಲ್ಲ. ಕೆಟ್ಟಿದ್ದು ಹೆಚ್‌ಎಸ್‌ಪಿ60. ಒಳಗೆ ಬಂದ ಪ್ರೊಟೀನನ್ನು ಮಡಚಿಕೊಳ್ಳಲು ಬಿಡುವ, ಉಂಗುರದ ಆಕಾರದ ಯಂತ್ರ. 1989ರಲ್ಲಿ ಉಲ್ರಿಚ್ ಹಾರ್ಟಲ್ ಅವರೊಂದಿಗೆ ಸೇರಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು ಪ್ರೊಟೀನುಗಳು ಕೋಶದೊಳಗೆ ತಾವಾಗಿಯೇ ಮಡಚಿಕೊಳ್ಳುತ್ತವೆ ಅಂತಲೇ ಹೆಚ್ಚಿನವರು ನಂಬಿದ್ದರು. ಪ್ರಾಣಿಯ ಕಿಣ್ವವನ್ನು ಯೀಸ್ಟ್‌ನಲ್ಲಿ ಇಟ್ಟ ಒಂದು ಪ್ರಯೋಗ ಆ ನಂಬಿಕೆಯನ್ನೇ ಬದಲಾಯಿಸಿತು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಹಾಗಾಗಿ ಬ್ಯಾಂಡ್ ನೋಡಿ ಕಿಣ್ವ ಇದೆ ಅನ್ನಬೇಡಿ. ಕೋಶ ಒಡೆದು ರಸ ತೆಗೆದು ಚಟುವಟಿಕೆ ಅಳೆಯಿರಿ. ಆರ್ನಿಥಿನ್ ಮತ್ತು ಕಾರ್ಬಮೈಲ್ ಫಾಸ್ಫೇಟ್ ಕೊಡಿ, ಪಿಹೆಚ್ 8ರ ಆಸುಪಾಸು ಇಡಿ, ಹುಟ್ಟುವ ಸಿಟ್ರುಲಿನ್ ಅನ್ನು ಬಣ್ಣದಲ್ಲಿ ಅಳೆಯಿರಿ. ಕಾರ್ಬಮೈಲ್ ಫಾಸ್ಫೇಟ್ ಅನ್ನು ನೀರಿಗೆ ಹಾಕಿ ಇಟ್ಟುಕೊಳ್ಳಬೇಡಿ, ಬೇಗ ಒಡೆದುಹೋಗುತ್ತದೆ. ಬಳಸುವ ಹೊತ್ತಿಗೇ ಕರಗಿಸಿ, ಐಸ್ ಮೇಲೆ ಇಡಿ.

ಹುದುಗುಕೋಶ

ಹನ್ನೆರಡು ದಿನ ಆದಮೇಲೆ ಬರುತ್ತಿದ್ದೇನೆ. ಗ್ಲಿಸರಾಲ್ ಮೇಲೆ ಕೋಶಗಳು ಚೆನ್ನಾಗಿ ಬೆಳೆದಿವೆ, ಪೆಟೀಟ್ ಅಲ್ಲ. ಸಿಇಎನ್ ಪ್ಲಾಸ್ಮಿಡ್, 25 ಡಿಗ್ರಿ ಮಾಡಿದ ಕೂಡಲೇ 40ರ ಬ್ಯಾಂಡ್ ನೆರಳಿನಷ್ಟಾಯಿತು. 36 ಮಾತ್ರ ಗಟ್ಟಿಯಾಗಿ ಉಳಿದಿದೆ. ಹಳೇಸೆಂಟ್ರಿಫ್ಯೂಜ್ ಸರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ.

ಮೈಟೊಕಾಂಡ್ರಿಯ ಬೇರ್ಪಡಿಸುವುದನ್ನು ಮೊದಲ ಸಲ ಸಮಾಧಾನದಿಂದ ಮಾಡಿದೆ. ಡಿಟಿಟಿಯಲ್ಲಿ ನೆನೆಸಿ, ಸಾರ್ಬಿಟಾಲ್‌ನಲ್ಲಿ ಜೈಮೊಲೇಸ್ ಹಾಕಿ ಗೋಡೆ ಕರಗಿಸಿದೆ. ಒಂದು ಹನಿಯನ್ನು ನೀರಿಗೆ ಹಾಕಿದರೆ ಕೋಶಗಳು ಒಡೆದು ಕಲಕು ತಿಳಿಯಾಗುತ್ತದೆ. ಅದು ಕಂಡಮೇಲೆ ಮಾತ್ರ ಮುಂದಕ್ಕೆ ಹೋದೆ. ಗಾಜಿನ ಹೋಮೊಜನೈಸರ್‌ನಲ್ಲಿ ಹದಿನೈದು ಸಲ ಮೇಲೆ ಕೆಳಗೆ, ಪೂರ್ತಿ ಐಸ್ ಮೇಲೆ. ನಿಧಾನದ ಸುತ್ತಿನಲ್ಲಿ ಒಡೆಯದ ಕೋಶಗಳನ್ನು ಬಿಟ್ಟು, ಮೇಲಿನ ದ್ರವವನ್ನು 12,000 ಜಿ ನಲ್ಲಿ ತಿರುಗಿಸಿದಾಗ ಟ್ಯೂಬ್ ತಳದಲ್ಲಿ ತಿಳಿ ಕಂದು ಬಣ್ಣದ ಸಣ್ಣ ಗುಡ್ಡೆ.

ಅದಕ್ಕೆ ಪ್ರೊಟೀನ್ ಕತ್ತರಿಸುವ ಪ್ರೊಟೀನೇಸ್ ಕೆ ಕೊಟ್ಟೆ. ಪೊರೆ ದಾಟಿ ಒಳಗಿರುವುದನ್ನು ಅದು ಮುಟ್ಟಲಾರದು. ಹೊರಪೊರೆಯ ಟಾಮ್70 ಪೂರ್ತಿ ಮಾಯ. ಒಳಗಿನ ಹೆಚ್‌ಎಸ್‌ಪಿ60 ಹಾಗೇ ಇದೆ. ಒಟಿಸಿಯ 36ರ ಬ್ಯಾಂಡೂ ಹಾಗೇ ಇದೆ! ಟ್ರೈಟಾನ್ ಹಾಕಿ ಪೊರೆ ಕರಗಿಸಿದ ಟ್ಯೂಬ್‌ನಲ್ಲಿ ಮೂರೂ ಹೋದವು. ಅಂದರೆ ನಿಜವಾಗಿಯೂ ಒಳಗಿದೆ.

ಚಟುವಟಿಕೆಯೂ ಇದೆ. ಸಿಟ್ರುಲಿನ್ ಇದ್ದರೆ ಬಣ್ಣ ಕೊಡುವ ಡೈಅಸಿಟೈಲ್ ಮೊನೊಆಕ್ಸಿಮ್ ಹಾಕಿ ಬಿಸಿ ಮಾಡಿದಾಗ ಖಾಲಿ ಪ್ಲಾಸ್ಮಿಡ್ ಟ್ಯೂಬ್ ಬಿಳಿಯಾಗೇ ಉಳಿಯಿತು, ನನ್ನದು ಒಳ್ಳೆ ಹಳದಿಗೆ ತಿರುಗಿತು. ಆ ಟ್ಯೂಬ್ ಅನ್ನು ಎಷ್ಟು ಹೊತ್ತು ನೋಡಿದೆನೋ.

ಇಷ್ಟೆಲ್ಲ ಆಗಿಯೂ ಪ್ಲೇಟ್ ಮೇಲೆ ಅದೇ ಸೂಜಿಮೊನೆ. ಸ್ವಲ್ಪವೂ ಬದಲಾಗಿಲ್ಲ. ಕಿಣ್ವ ಒಳಗಿದೆ, ಮಡಚಿಕೊಂಡಿದೆ, ಟ್ಯೂಬ್‌ನಲ್ಲಿ ಕೆಲಸ ಮಾಡುತ್ತದೆ. ಇನ್ನೇನು ಬೇಕು?

ನಕ್ಷೆಗಾತಿ

ಮೇಲಿಂದ ಎಲ್ಲ ಓದಿಕೊಂಡು ಬಂದೆ. ಕಿಣ್ವಕ್ಕೆ ಅಲ್ಲಿ ಊಟ ಸಿಗುತ್ತಿದೆಯಾ ಅಂತ ಯಾರೂ ಕೇಳಿಲ್ಲ.

ಲಿವರ್‌ನಲ್ಲಿ ಏನಾಗುತ್ತದೆ ನೋಡಿ. ಕಾರ್ಬಮೈಲ್ ಫಾಸ್ಫೇಟ್ ತಯಾರಾಗುವುದು ಮೈಟೊಕಾಂಡ್ರಿಯದ ಒಳಗೆ, ಸಿಪಿಎಸ್1 ಕಿಣ್ವದಿಂದ. ಆರ್ನಿಥಿನ್ ಹೊರಗಿಂದ ಒಳಗೆ ಬರುತ್ತದೆ. ಒಟಿಸಿ ಒಳಗೇ ಕಾದಿರುತ್ತದೆ. ಎರಡೂ ಕೈಗೆ ಸಿಗುತ್ತವೆ.

ಯೀಸ್ಟ್‌ನಲ್ಲಿ ಇದು ತಿರುವುಮುರುವು. ಆರ್ನಿಥಿನ್ ಹುಟ್ಟುವುದು ಮೈಟೊಕಾಂಡ್ರಿಯದ ಒಳಗೆ, ಆಮೇಲೆ ಒಆರ್‌ಟಿ1 ಅನ್ನುವ ಸಾಗಣೆ ಪ್ರೊಟೀನ್ ಅದನ್ನು ಹೊರಗೆ ಕಳಿಸುತ್ತದೆ. ಕಾರ್ಬಮೈಲ್ ಫಾಸ್ಫೇಟ್ ಅನ್ನು ಸಿಪಿಎ1, ಸಿಪಿಎ2 ಸೇರಿ ತಯಾರಿಸುವುದು ಸೈಟೊಸಾಲ್‌ನಲ್ಲಿ. ಯೀಸ್ಟ್‌ನ ಸ್ವಂತ ಒಟಿಸಿ ಇರುವುದೂ ಸೈಟೊಸಾಲ್‌ನಲ್ಲೇ. ನಿಮ್ಮ ಕಿಣ್ವ ಒಳಗೆ ಕೂತಿದೆ. ಪಕ್ಕದಲ್ಲೇ ಆರ್ನಿಥಿನ್ ಹುಟ್ಟುತ್ತಿದೆ, ಆದರೆ ಜೊತೆಗೆ ಬೇಕಾದದ್ದು ಗೋಡೆಯ ಆಚೆ. ಕಾರ್ಬಮೈಲ್ ಫಾಸ್ಫೇಟ್ ಋಣ ಆವೇಶದ ಅಣು, ಒಳಪೊರೆಯನ್ನು ಸುಮ್ನೆ ದಾಟುವಂಥದ್ದಲ್ಲ. ಮೇಲಾಗಿ ಮಡಿಕೆಮಾತು ಹೇಳಿದ ಹಾಗೆ ಬೇಗ ಒಡೆಯುತ್ತದೆ. ಟ್ಯೂಬ್‌ನಲ್ಲಿ ಎರಡನ್ನೂ ನೀವೇ ಕೈಯಾರೆ ಕೊಟ್ಟಿರಿ, ಅದಕ್ಕೇ ಹಳದಿ ಬಂತು.

ಹಾರ್ವಿಚ್ ಗುಂಪಿಗೆ ಈ ತೊಂದರೆ ಅಡ್ಡ ಬರಲಿಲ್ಲ. ಅವರು ನೋಡುತ್ತಿದ್ದದ್ದು ಒಳಗೆ ಹೋಗುವುದು ಮತ್ತು ಮಡಚಿಕೊಳ್ಳುವುದನ್ನು, ಅಳೆದದ್ದು ರಸದ ಚಟುವಟಿಕೆಯನ್ನು. ನಿಮಗೆ ಬೇಕಾದದ್ದು ಬೆಳವಣಿಗೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ 32 ಅಮೈನೊ ಆಮ್ಲ ತೆಗೆದು, ಒಂದು ಮೆಥಿಯೊನಿನ್ ಸೇರಿಸಿ, ಕಿಣ್ವವನ್ನು ಸೈಟೊಸಾಲ್‌ನಲ್ಲೇ ಬಿಡುತ್ತಿದ್ದೆ. ಮೈಟೊಕಾಂಡ್ರಿಯದ ಕಿಣ್ವ ಅಂದ ಮಾತ್ರಕ್ಕೆ ಅದನ್ನು ಮೈಟೊಕಾಂಡ್ರಿಯಕ್ಕೇ ಕಳಿಸಬೇಕು ಅಂತ ಎಲ್ಲಿದೆ?

ಹಳೇಸೆಂಟ್ರಿಫ್ಯೂಜ್

ನಾನು ಬಾಗಿಲು ಮಾತ್ರ ನೋಡುತ್ತಾ ಕೂತಿದ್ದೆ. ಇದು ಹೊಳೆಯಲೇ ಇಲ್ಲ. ಒಪ್ಪಿದೆ ತಾಯಿ.

ಸ್ಟೀರಾಯ್ಡುದಾರಿ

ನಕ್ಷೆಗಾತಿ ಅವರ ಮಾತಿಗೆ ನನ್ನ ಕ್ಷೇತ್ರದಿಂದ ಒಂದು ಉದಾಹರಣೆ ಕೊಡುತ್ತೇನೆ. 2003ರಲ್ಲಿ ಯೀಸ್ಟ್ ಒಳಗೆ ಸರಳ ಇಂಗಾಲದ ಆಹಾರದಿಂದ ಹೈಡ್ರೊಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಹಾರ್ಮೋನನ್ನು ಪೂರ್ತಿ ತಯಾರಿಸಿದ ಕೆಲಸ ಪ್ರಕಟವಾಯಿತು. ಎಂಟು ಪ್ರಾಣಿ ಪ್ರೊಟೀನುಗಳನ್ನು ಒಂದೇ ಯೀಸ್ಟ್‌ನಲ್ಲಿ ಇಟ್ಟಿದ್ದರು. ಅಡ್ರಿನಲ್ ಗ್ರಂಥಿಯಲ್ಲಿ ಸಿವೈಪಿ11ಎ1 ಮತ್ತು ಸಿವೈಪಿ11ಬಿ1 ಎರಡೂ ಮೈಟೊಕಾಂಡ್ರಿಯದ ಕಿಣ್ವಗಳು. ಯೀಸ್ಟ್‌ನಲ್ಲಿ ಮಾಡಿದ್ದೇನು? ಸಿವೈಪಿ11ಎ1 ನ ವಿಳಾಸ ಕಿತ್ತು ಹೊರಗೆ ಇಟ್ಟರು. ಸಿವೈಪಿ11ಬಿ1 ಅನ್ನು ಮೈಟೊಕಾಂಡ್ರಿಯದಲ್ಲೇ ಬಿಟ್ಟರು. ಇವೆರಡಕ್ಕೂ ಎಲೆಕ್ಟ್ರಾನ್ ತಂದುಕೊಡುವುದು ಅಡ್ರಿನೊಡಾಕ್ಸಿನ್. ಹಾಗಾಗಿ ಅದನ್ನು ಎರಡು ರೂಪದಲ್ಲಿ ಕೊಟ್ಟರು, ಹೊರಗೆ ಒಂದು, ಒಳಗೆ ಒಂದು.

ಇದರ ಹಿಂದಿನ ಯೋಚನೆ ನನಗೆ ಬಹಳ ಇಷ್ಟ. ಅಡ್ರಿನಲ್‌ನಲ್ಲಿ ಸಿವೈಪಿ11ಎ1 ಗೆ ಬೇಕಾದ ಕೊಲೆಸ್ಟೆರಾಲ್ ಅನ್ನು ಒಳಪೊರೆಗೆ ತಲುಪಿಸಲು ಸ್ಟಾರ್ ಅನ್ನುವ ಪ್ರೊಟೀನ್ ಇದೆ, ಯೀಸ್ಟ್‌ನಲ್ಲಿ ಇಲ್ಲ. ಊಟ ಒಳಗೆ ಬರುವುದಿಲ್ಲ ಅಂದರೆ ಊಟ ಇರುವ ಕಡೆಗೆ ಕಿಣ್ವವನ್ನೇ ಕಳಿಸಬಹುದು.

ಕೊಬ್ಬುಕಿಣ್ವ

ಯೀಸ್ಟ್‌ನಲ್ಲಿ ಏನು ಇಲ್ಲವೋ ಅದೇ ಕೆಲವೊಮ್ಮೆ ವರ. ನಮ್ಮ ಸಿಪಿಟಿ1 ಕೊಬ್ಬಿನಾಮ್ಲಗಳನ್ನು ಮೈಟೊಕಾಂಡ್ರಿಯದೊಳಗೆ ಕಳಿಸಲು ಸಿದ್ಧಮಾಡುವ ಹೊರಪೊರೆಯ ಕಿಣ್ವ, ಮೆಲೊನೈಲ್ ಕೋಎ ಅನ್ನುವ ಅಣು ಬಂದರೆ ನಿಲ್ಲುತ್ತದೆ. ಪೊರೆಯಿಂದ ಬಿಡಿಸಲು ಡಿಟರ್ಜೆಂಟ್ ಹಾಕಿದರೆ ಚಟುವಟಿಕೆಯೇ ಹೋಗುತ್ತಿತ್ತು. ಕೆಲಸ ಮಾಡುವುದೂ ಮೆಲೊನೈಲ್ ಕೋಎ ಹಿಡಿಯುವುದೂ ಒಂದೇ ಪ್ರೊಟೀನಾ, ಎರಡಾ ಅಂತ ವರ್ಷಗಟ್ಟಲೆ ವಾದ ನಡೆಯಿತು. 1990ರ ದಶಕದಲ್ಲಿ ಇಲಿಯ ಸಿಪಿಟಿ1 ಅನ್ನು ಯೀಸ್ಟ್‌ನಲ್ಲಿ ಮಾಡಿಸಿದರು. ಯೀಸ್ಟ್‌ಗೆ ಸ್ವಂತ ಸಿಪಿಟಿ ಇಲ್ಲ, ಹಿನ್ನೆಲೆ ಪೂರ್ತಿ ಖಾಲಿ. ಒಂದೇ ಜೀನ್ ಕೊಟ್ಟರೆ ಎರಡೂ ಗುಣ ಬಂದವು. ವಾದ ಮುಗಿಯಿತು.

ಎಚ್ಚರಿಕೆಯ ಮಾತೂ ಇದೆ. ಯುಸಿಪಿ2, ಯುಸಿಪಿ3 ಅನ್ನುವ ಪ್ರಾಣಿಗಳ ಒಳಪೊರೆ ಪ್ರೊಟೀನುಗಳನ್ನು ಯೀಸ್ಟ್‌ನಲ್ಲಿ ಜಾಸ್ತಿ ಮಾಡಿಸಿದಾಗ ಪ್ರೋಟಾನ್ ಸೋರಿಕೆ ಕಂಡಿತು. ಪ್ರೊಟೀನಿನ ನಿಜವಾದ ಕೆಲಸವೇ ಅದು ಅಂತ ಓದಿಕೊಂಡರು. ಸರಿಯಾಗಿ ಮಡಚದ ಪ್ರೊಟೀನ್ ಪೊರೆಯಲ್ಲಿ ತುಂಬಿಕೊಂಡು ಪೊರೆಯೇ ಸೋರುತ್ತಿತ್ತು ಅಂತ ಆಮೇಲೆ ತೋರಿಸಿದರು. ಪ್ರಮಾಣ ಅಳೆಯದೆ ಫಲಿತಾಂಶ ನಂಬಬೇಡಿ.

ಮೊದಲಹೆಜ್ಜೆ

ಇನ್ನೊಂದು ಕೇಳಲಾ? ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿ ಇರುವ ಜೀನುಗಳನ್ನೂ ಹೀಗೆ ಯೀಸ್ಟ್‌ನಲ್ಲಿ ಮಾಡಿಸಬಹುದಾ?

ಪ್ಲೇಟುಪ್ರಿಯೆ

ಅದು ಬೇರೆಯೇ ಕಷ್ಟ ಕಣಮ್ಮ. ಮನುಷ್ಯರ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 13 ಪ್ರೊಟೀನ್ ಜೀನುಗಳಿವೆ, ಎಲ್ಲವೂ ಪೊರೆಯಲ್ಲಿ ಹುದುಗಿರುವಂಥವು. ಅಲ್ಲಿನ ಸಂಕೇತ ಭಾಷೆಯೂ ಬೇರೆ. ಯುಜಿಎ ಅಂದರೆ ನ್ಯೂಕ್ಲಿಯಸ್‌ನ ಜೀನಿಗೆ "ನಿಲ್ಲು", ಅಲ್ಲಿ ಟ್ರಿಪ್ಟೊಫಾನ್. ಹಾಗೇ ಎತ್ತಿ ಪ್ಲಾಸ್ಮಿಡ್‌ಗೆ ಹಾಕಿದರೆ ಪ್ರೊಟೀನ್ ಅರ್ಧಕ್ಕೇ ತುಂಡಾಗುತ್ತದೆ. ಅಕ್ಷರಗಳನ್ನು ತಿದ್ದಬೇಕು, ವಿಳಾಸ ಅಂಟಿಸಬೇಕು. ಅಷ್ಟು ಮಾಡಿದರೂ ಎಣ್ಣೆ ಸ್ವಭಾವದ ಸರ ಬಾಗಿಲು ದಾಟುವುದು ಕಷ್ಟ. ಆ 13ರಲ್ಲಿ 7, ಉಸಿರಾಟದ ಸರಪಳಿಯ ಮೊದಲ ದೊಡ್ಡ ಯಂತ್ರವಾದ ಕಾಂಪ್ಲೆಕ್ಸ್ 1ಕ್ಕೆ ಸೇರಿದವು. ನಾವು ಬಳಸುವ ಯೀಸ್ಟ್‌ನಲ್ಲಿ ಕಾಂಪ್ಲೆಕ್ಸ್ 1 ಅನ್ನುವುದೇ ಇಲ್ಲ! ಅದರ ಬದಲು ಎನ್‌ಡಿಐ1 ಅನ್ನುವ ಒಂದೇ ಪ್ರೊಟೀನಿನ ಕಿಣ್ವ ಇದೆ. ಕಾಂಪ್ಲೆಕ್ಸ್ 1 ಬೇಕೆನ್ನುವವರು ಯಾರೋವಿಯ ಅನ್ನುವ ಬೇರೆ ಯೀಸ್ಟ್ ಹಿಡಿಯುತ್ತಾರೆ.

ಹುದುಗುಕೋಶ

ಮೂರು ವಾರ ಆಯಿತು. ಫೋಟೋ ಹಾಕಲು ಆಗುತ್ತಿಲ್ಲ, ಬರೆದೇ ಹೇಳುತ್ತೇನೆ.

ಒಂದೇ ಪ್ಲೇಟ್, ಆರ್ಜಿನೈನ್ ಇಲ್ಲ, ನಾಲ್ಕು ಸಾಲು, ಹತ್ತತ್ತು ಪಟ್ಟು ತೆಳು ಮಾಡಿದ ಚುಕ್ಕೆಗಳು. ಖಾಲಿ ಪ್ಲಾಸ್ಮಿಡ್ ಸಾಲು ಬರಿದು. ವಿಳಾಸ ಇರುವ ಒಟಿಸಿ ಸಾಲಿನಲ್ಲಿ ಮೊದಲ ಚುಕ್ಕೆ ಮಂಜಿನ ಹಾಗೆ, ಆಮೇಲೆ ಏನಿಲ್ಲ. ವಿಳಾಸ ತೆಗೆದ ಒಟಿಸಿ ಸಾಲಿನಲ್ಲಿ ನಾಲ್ಕನೇ ಚುಕ್ಕೆಯವರೆಗೂ ದಪ್ಪ ಕಾಲೊನಿಗಳು! ಯೀಸ್ಟ್‌ನ ಎಆರ್‌ಜಿ3 ಗಿಂತ ಒಂದು ದಿನ ತಡ, ಅಷ್ಟೇ. ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದಾಗ ಕಣ್ಣು ತುಂಬಿಬಂತು. ನಕ್ಷೆಗಾತಿ ಅಕ್ಕ, ಇದು ನಿಮ್ಮದು.

ಆದರೆ ಈಗ ಇನ್ನೊಂದು ಚಿಂತೆ. ರೋಗಿಗಳಲ್ಲಿ ಕಂಡ ಬದಲಾವಣೆಗಳಲ್ಲಿ ಕೆಲವು ಆ ಮೊದಲ 32ರ ಒಳಗೇ ಬರುತ್ತವೆ. ಅವನ್ನು ಈ ಪರೀಕ್ಷೆಯಲ್ಲಿ ನೋಡಲು ಆಗುವುದಿಲ್ಲ, ಆ ಭಾಗವನ್ನೇ ಕತ್ತರಿಸಿದ್ದೇನಲ್ಲ.

ಮಡಿಕೆಮಾತು

ಮೊದಲು ಅಭಿನಂದನೆ. ನಿಜವಾಗಿ ಖುಷಿ ಆಯಿತು.

ನಿಮ್ಮ ಚಿಂತೆ ಸರಿಯಾದದ್ದೇ, ಇನ್ನೂ ಒಂದನ್ನು ಅದಕ್ಕೆ ಸೇರಿಸಿಕೊಳ್ಳಿ. ಸೈಟೊಸಾಲ್‌ನಲ್ಲಿ ನಿಮ್ಮ ಕಿಣ್ವಕ್ಕೆ ಹೆಚ್‌ಎಸ್‌ಪಿ60 ಇಲ್ಲ, ಬೇರೆ ಸಹಾಯಕರು ಇದ್ದಾರೆ. ಪೂರ್ತಿ ಕೆಟ್ಟ ಬದಲಾವಣೆ ಎಲ್ಲಿಟ್ಟರೂ ಕೆಟ್ಟದ್ದೇ. ಅರೆಬರೆ ಕೆಟ್ಟದ್ದು ಇರುತ್ತದಲ್ಲ, ಉದಾಹರಣೆಗೆ 40ನೇ ಜಾಗದ ಆರ್ಜಿನೈನ್ ಹಿಸ್ಟಿಡಿನ್ ಆಗುವುದು. ದೊಡ್ಡವರಾದ ಮೇಲೆ ಕಾಣಿಸಿಕೊಳ್ಳುವ ರೂಪದಲ್ಲಿ ಅದು ಚೆನ್ನಾಗಿ ಗೊತ್ತಿರುವಂಥದ್ದು. ಅಂಥವು ಸೈಟೊಸಾಲ್‌ನಲ್ಲಿ ಒಂದು ಥರ, ಮೈಟೊಕಾಂಡ್ರಿಯದಲ್ಲಿ ಇನ್ನೊಂದು ಥರ ಕಾಣಬಹುದು. ಪ್ಲೇಟ್ ಮೇಲೆ ಚೆನ್ನಾಗಿ ಬೆಳೆಯಿತು ಅಂದ ಮಾತ್ರಕ್ಕೆ ಒಂದು ಮನೆಯವರಿಗೆ "ಭಯ ಇಲ್ಲ" ಅಂತ ಹೇಳಬೇಡಿ.

ಹಳೇಸೆಂಟ್ರಿಫ್ಯೂಜ್

ವಿಳಾಸದ ಭಾಗದ ಬದಲಾವಣೆಗಳಿಗೆ ನಿಮ್ಮ ಹಳೆಯ ಪ್ಲಾಸ್ಮಿಡ್ಡೇ ಸಾಕು. ಅದನ್ನು ಎಸೆದಿಲ್ಲ ತಾನೆ? ಅಲ್ಲಿ ಬೆಳವಣಿಗೆ ನೋಡಬೇಡಿ, 40 ಮತ್ತು 36ರ ಬ್ಯಾಂಡ್ ನೋಡಿ. ಮೇಲಿನದು ಕೆಳಗೆ ಬರುತ್ತಿದೆಯಾ, ಎಷ್ಟು ಹೊತ್ತಿಗೆ, ಪ್ರೊಟೀನೇಸ್ ಕೆ ಕೊಟ್ಟರೆ ಉಳಿಯುತ್ತದೆಯಾ ಅಂತ. ಜೊತೆಗೆ ಸಿಸಿಸಿಪಿ ಹಾಕಿ ವಿದ್ಯುತ್ ಅಂತರ ಇಳಿಸಿದ ಒಂದು ಟ್ಯೂಬ್ ಇರಲಿ. ಅದರಲ್ಲಿ ಏನೂ ಒಳಗೆ ಹೋಗಬಾರದು.

ಎಂಪಿಪಿ ಕತ್ತರಿಸುವುದು 24ರ ನಂತರ, ಅದಕ್ಕೆ 23ನೇ ಜಾಗದ ಆರ್ಜಿನೈನ್ ಗುರುತು. ಮೊದಲು ಅದನ್ನೇ ಬದಲಿಸಿ ನೋಡಿ. ಬ್ಯಾಂಡ್ ಹೇಗೆ ಕೆಡುತ್ತದೆ ಅಂತ ಕಣ್ಣಿಗೆ ರೂಢಿ ಆಗುತ್ತದೆ.

ಹುದುಗುಕೋಶ

ಎಸೆದಿಲ್ಲ ಸರ್, ಫ್ರೀಜರ್‌ನಲ್ಲಿ ಇದೆ. 23ನೇ ಜಾಗಕ್ಕೆ ಪ್ರೈಮರ್ (ಆ ಬದಲಾವಣೆ ತರುವ ಚಿಕ್ಕ ಡಿಎನ್‌ಎ ತುಂಡು) ಇವತ್ತೇ ಬರೆಯುತ್ತೇನೆ. ಬ್ಯಾಂಡ್ ಬಂದ ದಿನ ಇಲ್ಲೇ ಹೇಳುತ್ತೇನೆ.